ತಿಂಗಳೆಂದರೆ ಎಷ್ಟು ದಿನ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯನ್ನು ಬಲ್ಲವರಿಗೆ ಅಲ್ಲಿಯ ಜನ ಕಾಲವನ್ನು ಎಣಿಸುವ ಕ್ರಮವನ್ನು ಬೇರೆ ಹೇಳಬೇಕಾಗಿಲ್ಲ. ಬಲಿತ ತೆಂಗಿನಕಾಯನ್ನು ಅಟ್ಟಕ್ಕೆ ಏರಿಸಿದರೆ ಅದು ಉಂಡೆ ಕೊಬ್ಬರಿಯಾಗಿ ಕೆಳಗಿಳಿಯುವುದಕ್ಕೆ ಹತ್ತು ಹನ್ನೊಂದು ತಿಂಗಳು ಹಿಡಿಯುತ್ತದೆ. ಆತುರಪಟ್ಟು ಮೊದಲೇ ಸುಲಿದರೆ ಒಳಗಿನ ನೀರು ಆರಿರುವುದಿಲ್ಲ. ಸರಕು ಹಸಿಯಾಗಿ ಉಳಿಯುತ್ತದೆ. ಆದ್ದರಿಂದ ಆ ಸೀಮೆಯಲ್ಲಿ ತಿಂಗಳು ಎಂಬ ಮಾತನ್ನು ಯಾರೂ ಹಗುರವಾಗಿ ಆಡುವುದಿಲ್ಲ.

ದಂಡಿನಶಿವರದ ಹತ್ತಿರ ತೋಟ ಮಾಡಿಕೊಂಡಿರುವ ನಮ್ಮ ಭಾವನವರಿಗೆ ಈ ಮಾತಿನಿಂದಲೇ ಒಂದು ತೊಂದರೆ ಬಂತು. ತಿಪಟೂರಿನ ಮಂಡಿಯಲ್ಲಿ ಕೊಬ್ಬರಿಯ ಧಾರಣೆ ಏರುತ್ತಿದೆಯೆಂಬ ಸುದ್ದಿ ಬಂದಿತ್ತು. ಅಟ್ಟದ ಸರಕನ್ನು ಇಳಿಸುವುದೋ, ಇನ್ನೆರಡು ದಿನ ಕಾಯುವುದೋ ಎಂದು ವಿಚಾರಿಸಲು ಮೊಬೈಲ್ ಫೋನನ್ನು ಕೈಗೆತ್ತಿಕೊಂಡರೆ, ಕರೆ ಹೋಗಲೊಲ್ಲದು. "ನಿಮ್ಮ ಅವಧಿ ಮುಗಿದಿದೆ" ಎಂದು ಒಂದು ಹೆಣ್ಣುದನಿ ವಿನಯದಿಂದ ತಿಳಿಸಿತು. ಭಾವನವರು ಗೋಡೆಯ ಕ್ಯಾಲೆಂಡರನ್ನು ನೋಡಿದರು. ತಿಂಗಳು ತುಂಬಲು ಇನ್ನೂ ಎರಡು ದಿನ ಬಾಕಿಯಿತ್ತು. ನೆಟ್ಟಗೆ ಊರೊಳಗಿನ ಅಂಗಡಿಗೆ ನಡೆದರು.

"ತಿಂಗ್ಳಿಗೆ ಅಂತ ದುಡ್ಡು ಇಸ್ಕೊಂಡ್ಯಲ್ಲಪ್ಪ, ಇನ್ನೂ ಎಲ್ಡು ದಿನ ಐತೆ."

"ಯಜಮಾನ್ರೇ, ಕಂಪ್ನಿ ತಿಂಗ್ಳು ಅಂದ್ರೆ ಇಪ್ಪತ್ತೆಂಟೇ ದಿನ. ಮೆಸೇಜ್ ಬಂದೈತೆ ನೋಡಿ, ಇಂಗ್ಲಿಷ್ನಾಗೆ ಬರ್ದವ್ರೆ."

"ಅಂದ್ರೆ ಕಂಪ್ನಿಯೋರಿಗೆ ವರ್ಷ ಪೂರ್ತಿ ಫೆಬ್ರವರಿಯೇನಪ್ಪ?"

ಅಂಗಡಿಯವನಿಗೂ ನಗು ಬಂತು. ಆದರೆ ಹಣ ಹಿಂದಕ್ಕೆ ಬರಲಿಲ್ಲ. ಭಾವನವರು ಇದನ್ನು ನನಗೆ ಹೇಳಿದಾಗ ನಾನೂ ನಕ್ಕೆ; ಆಮೇಲೆ ಯೋಚಿಸಿದಾಗ ಇದು ನಗುವ ವಿಷಯವಷ್ಟೇ ಅಲ್ಲವೆಂದು ತೋರಿತು. ೨೮ನ್ನು ೧೩ರಿಂದ ಗುಣಿಸಿದರೆ ೩೬೪. ಅಂದರೆ ಈ ಲೆಕ್ಕದಲ್ಲಿ ನಡೆಯುವವನು ವರ್ಷಕ್ಕೆ ಹನ್ನೆರಡು ಸಲವಲ್ಲ, ಹದಿಮೂರು ಸಲ ಹಣ ಕಟ್ಟುತ್ತಾನೆ. ನಮ್ಮ ಪಂಚಾಂಗದಲ್ಲಿ ಅಧಿಕಮಾಸ ಬರುವುದು ಸುಮಾರು ಮೂರು ವರ್ಷಕ್ಕೊಮ್ಮೆ. ಕಂಪೆನಿಯ ಪಂಚಾಂಗದಲ್ಲಿ ಅದು ಪ್ರತಿವರ್ಷವೂ ಬರುತ್ತದೆ.

ಇಬ್ಬರು ಒಂದು ಮಾತಿಗೆ ಒಪ್ಪಿದ್ದಾರೆ. ಆದರೆ ಆ ಮಾತಿಗೆ ಒಬ್ಬನು ಒಂದು ಅರ್ಥವನ್ನೂ ಇನ್ನೊಬ್ಬನು ಇನ್ನೊಂದು ಅರ್ಥವನ್ನೂ ಇಟ್ಟುಕೊಂಡಿದ್ದಾನೆ. ಯಾರ ಅರ್ಥ ನಿಲ್ಲಬೇಕು? ಈ ಪ್ರಶ್ನೆ ಮೊಬೈಲಿನೊಡನೆ ಹುಟ್ಟಿದ್ದಲ್ಲ. ಇದರ ಹಿಂದೆ ಬಹು ದೀರ್ಘವಾದ ಚರಿತ್ರೆಯಿದೆ.

ಕನ್ನಡ ನಾಡಿನಲ್ಲಿ ಹಿಂದಿನವರು ಬರೆದು ಬಿಟ್ಟಿರುವ ಕರಾರುಗಳಲ್ಲಿ ಅತ್ಯಂತ ಗಟ್ಟಿಯಾದವು ಕಲ್ಲಿನ ಮೇಲಿವೆ. ಬಿ. ಎಲ್. ರೈಸ್ ಅವರು ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕ'ದ ೧೨ನೆಯ ಸಂಪುಟ ತುಮಕೂರು ಜಿಲ್ಲೆಯ ಶಾಸನಗಳಿಗೇ ಮೀಸಲಾದುದು. ಅದು ಪ್ರಕಟವಾದದ್ದು ೧೯೦೪ರಲ್ಲಿ. ದಾನಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ಹಲವು ತಾಮ್ರಶಾಸನಗಳಲ್ಲಿ, ಮುಖ್ಯವಾಗಿ ವಿಜಯನಗರದ ಕಾಲದವುಗಳಲ್ಲಿ, ದೇವತಾಸ್ತುತಿ, ರಾಜನ ವಂಶಾವಳಿ, ಅವನ ಪರಾಕ್ರಮದ ವರ್ಣನೆ ಇವೆಲ್ಲ ಸಂಸ್ಕೃತದಲ್ಲಿರುತ್ತವೆ. ಆದರೆ ಕೊಟ್ಟ ಭೂಮಿಯ ಎಲ್ಲೆ ಯಾವುದು ಎಂದು ಹೇಳುವ ಹೊತ್ತಿಗೆ ಭಾಷೆ ಬದಲಾಗಿ ಕನ್ನಡವಾಗುತ್ತದೆ. ಮೂಡಲಿಗೆ ಯಾವ ಹಳ್ಳ, ತೆಂಕಲಿಗೆ ಯಾವ ಹುತ್ತ, ಪಡುವಲಿಗೆ ಯಾವ ಹುಣಸೆಮರ, ಬಡಗಲಿಗೆ ಯಾವ ನೆಟ್ಟ ಕಲ್ಲು ಎಂಬುದನ್ನು ಊರಿನ ಒಕ್ಕಲು ತಿಳಿಯುವ ಮಾತಿನಲ್ಲಿ ಬರೆಯಲಾಗುತ್ತದೆ.

ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಹೊಗಳಿಕೆ ಅರ್ಥವಾಗದಿದ್ದರೆ ಯಾರಿಗೂ ನಷ್ಟವಿಲ್ಲ. ಎಲ್ಲೆ ಅರ್ಥವಾಗದಿದ್ದರೆ ನಾಳೆ ಹೊಡೆದಾಟವಾಗುತ್ತದೆ. ಅಕ್ಷರ ಬಾರದವನಿಗೂ ವಿಷಯ ಮುಟ್ಟಲೆಂದು ಶಿಲಾಶಾಸನದ ತಲೆಯಲ್ಲಿ ಸೂರ್ಯಚಂದ್ರರನ್ನು ಕೆತ್ತುತ್ತಿದ್ದರು. ಈ ದಾನ ಅವರಿರುವವರೆಗೂ ಸಲ್ಲತಕ್ಕದ್ದು ಎಂಬುದು ಅದರ ಸೂಚನೆ. ಹಸುಕರುವಿನ ಚಿತ್ರವೂ ಇರುತ್ತಿತ್ತು. ಕರಾರೆಂಬುದು ಬರೆಸಿದವನಿಗೆ ಮಾತ್ರವಲ್ಲ, ಅದಕ್ಕೆ ಕಟ್ಟುಬಿದ್ದವನಿಗೂ ತಿಳಿಯಬೇಕು ಎಂಬ ವಿವೇಕ ಆ ಕಾಲದಲ್ಲಿತ್ತು. ಇಂದಿನ ಮೊಬೈಲ್ ಕರಾರಿನಲ್ಲಿ ಈ ಕ್ರಮ ಸಾಮಾನ್ಯವಾಗಿ ತಿರುವುಮುರುವಾಗಿದೆ. ಹೊಗಳಿಕೆಯೆಲ್ಲ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಬಣ್ಣದ ಹಲಗೆಯ ಮೇಲೆ. ಎಲ್ಲೆ ಮಾತ್ರ ಇಂಗ್ಲಿಷಿನಲ್ಲಿ, ಇರುವೆಯ ಸಾಲಿನಂಥ ಅಕ್ಷರದಲ್ಲಿ.

ಕಾಗದದ ಕಾಲ ಬಂದಮೇಲೂ ಹಳೆಯ ವಿವೇಕ ಸ್ವಲ್ಪಮಟ್ಟಿಗೆ ಉಳಿದಿತ್ತು. ಕ್ರಯಪತ್ರ, ಭೋಗ್ಯಪತ್ರ, ತೋಟದ ಗುತ್ತಿಗೆಯ ಕರಾರು ಮೊದಲಾದವುಗಳಲ್ಲಿ ಹೆಬ್ಬೆಟ್ಟನ್ನು ಒತ್ತುವವನಿಗೆ ಪತ್ರವನ್ನು ಮೊದಲು ಓದಿ ಹೇಳಬೇಕಾಗಿತ್ತು. ಓದಿ ಹೇಳಲು ಕೇಳಿ ಒಪ್ಪಿದ್ದಾನೆಂದು ಬರೆದು, ಸಾಕ್ಷಿಗಳ ರುಜುವಾದಮೇಲೆ ಪತ್ರ ಬರೆದವನು ಬಿಕ್ಕಲಂ ಎಂದು ತನ್ನ ಹೆಸರನ್ನೂ ಹಾಕುತ್ತಿದ್ದ. ಓದುಬರಹವಿಲ್ಲದವರಿಂದ, ಅಥವಾ ಮನೆಯ ಹೊರಗೆ ವ್ಯವಹರಿಸದ ಸ್ತ್ರೀಯರಿಂದ ಬರೆಸಿಕೊಂಡ ಪತ್ರ ವ್ಯಾಜ್ಯಕ್ಕೆ ಬಂದಾಗ, ಅದನ್ನು ಅವರಿಗೆ ತಿಳಿಯುವಂತೆ ವಿವರಿಸಲಾಗಿತ್ತೆಂದು ತೋರಿಸುವ ಹೊಣೆಯನ್ನು ನ್ಯಾಯಾಲಯಗಳು ಪತ್ರದಿಂದ ಲಾಭ ಪಡೆದವನ ಮೇಲೆಯೇ ಹೊರಿಸುತ್ತಿದ್ದವು. ಈಗ ಸಿಮ್ ಕಾರ್ಡು ಕೊಳ್ಳುವಾಗ ಪಂಡಿತನೂ ಪಾಮರನೂ ಒಂದೇ ಬಗೆಯಾಗಿ ಅಂಗಡಿಯ ಪುಟ್ಟ ಯಂತ್ರದ ಮೇಲೆ ಬೆರಳೊತ್ತುತ್ತಾರೆ. ಹೆಬ್ಬೆಟ್ಟು ಮರಳಿ ಬಂತು. ಓದಿ ಹೇಳುವವನು ಮಾತ್ರ ಬರಲಿಲ್ಲ.

ಒಂದೇ ಹೆಸರಿಗೆ ಎರಡು ಅಳತೆ ಇರುವುದೂ ಹೊಸದಲ್ಲ. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ೧೮೦೦-೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ, ಗುಬ್ಬಿ, ಚಿಕ್ಕನಾಯಕನಹಳ್ಳಿಗಳನ್ನೂ ನೋಡಿ ಹೋದನು. ೧೮೦೭ರಲ್ಲಿ ಅಚ್ಚಾದ ಅವನ ಪ್ರವಾಸದ ಗ್ರಂಥದಲ್ಲಿ ಊರೂರಿನ ತೂಕ ಅಳತೆಗಳ ಲೆಕ್ಕವೇ ಎಷ್ಟೋ ಪುಟಗಳನ್ನು ಆಕ್ರಮಿಸಿದೆ. ನಮ್ಮ ಕಡೆಯ ಕಚ್ಚಾ ಸೇರು ೨೪ ರೂಪಾಯಿ ನಾಣ್ಯಗಳ ತೂಕ. ಅಂಥ ೪೦ ಸೇರಿಗೆ ಒಂದು ಮಣ, ಅಂದರೆ ಇಂದಿನ ಲೆಕ್ಕದಲ್ಲಿ ಸುಮಾರು ೧೧ ಕಿಲೋಗ್ರಾಂ. ಬ್ರಿಟಿಷ್ ಇಂಡಿಯಾದ ಸರ್ಕಾರಿ ಮಣವಾದರೋ ೮೦ ತೊಲದ ಸೇರಿನ ಲೆಕ್ಕದ್ದು. ಸುಮಾರು ೩೭ ಕಿಲೋಗ್ರಾಂ. ಮಣ ಎಂಬ ಮಾತು ಒಂದೇ, ತೂಕ ಮೂರು ಪಾಲಿಗಿಂತ ಹೆಚ್ಚು. ಯಾವ ಮಣವೆಂದು ಕೇಳದೆ ವ್ಯಾಪಾರ ಕುದುರಿಸಿದವನ ಗತಿಯನ್ನು ಊಹಿಸಬಹುದು.

ಆದರೆ ಆ ಕಾಲದ ಸಂತೆಯಲ್ಲಿ ಒಂದು ರಕ್ಷಣೆಯಿತ್ತು. ಸೇರು, ಕೊಳಗ, ತಕ್ಕಡಿ ಕಣ್ಣೆದುರಿಗೇ ಇರುತ್ತಿದ್ದವು. ಕೊಳ್ಳುವವನು ಅದನ್ನು ಎತ್ತಿ ನೋಡಬಹುದಾಗಿತ್ತು, ಜಗಳ ಕಾಯಬಹುದಾಗಿತ್ತು, ಕೊಸರು ಕೇಳಬಹುದಾಗಿತ್ತು. ಸ್ವಾತಂತ್ರ್ಯ ಬಂದಮೇಲೆ ಸರ್ಕಾರ ಈ ಗೊಂದಲಕ್ಕೆ ಕೈಹಾಕಿ, ೧೯೫೬ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆಯನ್ನು ತಂದಿತು. ೧೯೫೮ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಬಳಕೆಗೆ ಬಂದವು. ಅಳತೆಯ ಅರ್ಥವನ್ನು ಮಾರುವವನ ಇಷ್ಟಕ್ಕೆ ಬಿಡಬಾರದು, ಅದನ್ನು ಕಾನೂನೇ ಗೊತ್ತುಮಾಡಬೇಕು ಎಂಬ ತತ್ತ್ವ ಹೀಗೆ ಮನೆಮನೆಗೂ ಮುಟ್ಟಿತು. ಕಿಲೋಗ್ರಾಂ ಎಂದರೆ ದಂಡಿನಶಿವರದಲ್ಲೂ ದೆಹಲಿಯಲ್ಲೂ ಒಂದೇ. ಮೊಬೈಲಿನ 'ತಿಂಗಳಿ'ಗೆ ಅಂಥ ಭಾಗ್ಯ ಬರಲು ಬಹಳ ಕಾಲ ಹಿಡಿಯಿತು.

ಕರಾರಿನ ವಿಷಯದಲ್ಲಿ ಇಂದಿಗೂ ನಮಗೆ ತಳಹದಿಯಾಗಿರುವುದು ೧೮೭೨ರ ಸೆಪ್ಟೆಂಬರ್ ೧ರಿಂದ ಜಾರಿಗೆ ಬಂದ ಇಂಡಿಯನ್ ಕಾಂಟ್ರಾಕ್ಟ್ ಕಾಯಿದೆ. ಅದರ ೧೩ನೆಯ ಕಲಮು ಸಮ್ಮತಿಯ ಲಕ್ಷಣವನ್ನು ಹೇಳುತ್ತದೆ: ಇಬ್ಬರೂ ಒಂದೇ ವಿಷಯಕ್ಕೆ, ಒಂದೇ ಅರ್ಥದಲ್ಲಿ ಒಪ್ಪಿರಬೇಕು. ಇದನ್ನು ಕೇಳಿದರೆ ನಮ್ಮ ಭಾವನವರ ಪಕ್ಷ ಗೆದ್ದಂತೆಯೇ ಎನಿಸೀತು. ಆದರೆ ಅದೇ ಕಾಯಿದೆಯನ್ನು ಇನ್ನಷ್ಟು ಮುಂದೆ ಓದಬೇಕು. ಸಂಗತಿಯ ವಿಷಯದಲ್ಲಿ ಒಬ್ಬನು ಮಾತ್ರ ತಪ್ಪು ತಿಳಿದುಕೊಂಡಿದ್ದರೆ ಅಷ್ಟರಿಂದಲೇ ಕರಾರು ಮುರಿಯುವುದಿಲ್ಲವೆಂದು ೨೨ನೆಯ ಕಲಮು ಹೇಳುತ್ತದೆ. ಎದುರಿನವನು ಮೋಸದಿಂದಲೋ ತಪ್ಪು ನಿರೂಪಣೆಯಿಂದಲೋ ಒಪ್ಪಿಗೆ ಪಡೆದಿದ್ದರೆ ಅದನ್ನು ತಳ್ಳಿಹಾಕುವ ಹಕ್ಕುಂಟು; ಅದು ೧೯ನೆಯ ಕಲಮು. ಅಲ್ಲಿಯೂ ಒಂದು ಕೊಕ್ಕೆಯಿದೆ. ಸಾಧಾರಣ ಎಚ್ಚರಿಕೆಯಿಂದ ನಿಜವನ್ನು ಕಂಡುಕೊಳ್ಳಲು ನಿನಗೆ ಸಾಧ್ಯವಿತ್ತು ಎಂದಾದರೆ, ಬರಿಯ ತಪ್ಪು ನಿರೂಪಣೆಯ ಹೆಸರು ಹೇಳಿ ಪಾರಾಗುವಂತಿಲ್ಲ.

"ತಪ್ಪು ತಿಳಿದುಕೊಂಡೆ" ಎಂಬುದಕ್ಕೂ "ತಪ್ಪು ತಿಳಿಯುವಂತೆ ಮಾಡಿದರು" ಎಂಬುದಕ್ಕೂ ನಡುವೆ ಇರುವ ಗೆರೆ ಇದೇ. ಮೊಬೈಲ್ ಕರಾರಿನ ಎಷ್ಟೋ ವ್ಯಾಜ್ಯಗಳು ನಿಲ್ಲುವುದೂ ಬೀಳುವುದೂ ಈ ಗೆರೆಯ ಮೇಲೆ. ಕಾಯಿದೆ ಮಾಡಿದವರ ಕಣ್ಣಮುಂದೆ ಇದ್ದವರು ಸಮಾನರಾದ ಇಬ್ಬರು ವ್ಯಾಪಾರಿಗಳು. ಎದುರುಬದುರು ಕುಳಿತು, ಒಂದೊಂದು ಮಾತನ್ನೂ ತೂಗಿ, ಬೇಡವಾದದ್ದನ್ನು ಹೊಡೆದುಹಾಕಿಸಬಲ್ಲವರು. ಕಂಪೆನಿ ಬರೆದಿಟ್ಟದ್ದನ್ನು ಒಪ್ಪಬೇಕು, ಇಲ್ಲವೆ ಬಿಡಬೇಕು ಎಂಬಂಥ ಕರಾರಿನಲ್ಲಿ ಈ ಸಮಾನತೆ ಎಲ್ಲಿಂದ ಬರಬೇಕು?

ತಂತಿ ಟೆಲಿಫೋನುಗಳ ವಿಷಯದಲ್ಲಂತೂ ಎದುರಿಗಿದ್ದುದು ಸಾಕ್ಷಾತ್ ಸರ್ಕಾರವೇ. ೧೮೮೫ರ ಇಂಡಿಯನ್ ಟೆಲಿಗ್ರಾಫ್ ಕಾಯಿದೆ ತಂತಿ ವ್ಯವಸ್ಥೆಯ ಪೂರ್ಣ ಹಕ್ಕನ್ನು ಸರ್ಕಾರಕ್ಕೆ ಕೊಟ್ಟಿತು. ಸುದ್ದಿಯನ್ನು ಪಡೆಯುವುದರಲ್ಲಿ, ಕಳಿಸುವುದರಲ್ಲಿ, ತಲಪಿಸುವುದರಲ್ಲಿ ನೌಕರರು ತಪ್ಪಿದರೆ ಆಗುವ ನಷ್ಟಕ್ಕೆ ಸರ್ಕಾರ ಹೊಣೆಯಲ್ಲವೆಂದು ಅದರ ೯ನೆಯ ಕಲಮಿನಲ್ಲಿ ಬರೆಯಲಾಯಿತು. ಈ ಪತ್ರಿಕೆಯನ್ನು ಓದುವ ಮನೆಗಳ ಹಿರಿಯರು ರೇಡಿಯೋ ಲೈಸೆನ್ಸಿನ ಪುಸ್ತಕವನ್ನು ಮರೆತಿರಲಾರರು. ಅಂಚೆಕಚೇರಿಯಲ್ಲಿ ಹಣ ಕಟ್ಟಿ ವರ್ಷವರ್ಷವೂ ಅದನ್ನು ನವೀಕರಿಸಬೇಕಾಗಿತ್ತು. ಮನೆಯ ಲೈಸೆನ್ಸು ಬೇರೆ, ವ್ಯಾಪಾರದ ಸ್ಥಳದ ಲೈಸೆನ್ಸು ಬೇರೆ. ೧೯೮೦ರ ದಶಕದ ನಡುವೆ ಆ ಪದ್ಧತಿ ರದ್ದಾಗುವವರೆಗೂ, ರೇಡಿಯೋ ಕೊಂಡವನು ಸರ್ಕಾರದೊಡನೆ ಒಂದು ಬಗೆಯ ಕರಾರಿನಲ್ಲಿಯೇ ಇದ್ದನೆನ್ನಬೇಕು. ಅದರ ಷರತ್ತುಗಳನ್ನು ಪೂರ್ತಿಯಾಗಿ ಓದಿದವರು ಎಷ್ಟು ಮಂದಿಯೋ!

ಟ್ರಂಕ್ ಕಾಲಿನ ಕಾಲವನ್ನು ನೆನೆಯಿರಿ. ಮೂರು ನಿಮಿಷಕ್ಕೆ ಒಂದು ಘಟಕ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ದರ್ಜೆಗಳು. ಲೈಟ್ನಿಂಗ್ ಕರೆಗೆ ಸಾಧಾರಣ ದರದ ಎಂಟರಷ್ಟು. ಆದರೂ ನಡುವೆ ಆಪರೇಟರ್ ಇರುತ್ತಿದ್ದರು. ಮೂರು ನಿಮಿಷವಾಯಿತೆಂದು ಎಚ್ಚರಿಸುವ ಒಂದು ಮನುಷ್ಯ ಕಂಠ ಕೇಳುತ್ತಿತ್ತು. ೧೯೬೦ರಲ್ಲಿ ಕಾನಪುರ ಮತ್ತು ಲಖನೌ ನಡುವೆ ಚಂದಾದಾರನೇ ನೇರವಾಗಿ ದೂರದ ಊರಿಗೆ ಡಯಲ್ ಮಾಡುವ ಸೌಕರ್ಯ ಬಂತು. ಅದು ದೇಶದಲ್ಲೆಲ್ಲ ಹಬ್ಬಿದ ಹಾಗೆ, ಮಾತಿನ ಲೆಕ್ಕ ಆಪರೇಟರ ಕೈಯಿಂದ ಎಕ್ಸ್‌ಚೇಂಜಿನೊಳಗಿನ ಮೀಟರಿಗೆ ಹೋಯಿತು. ಹಳೆಯ ಸಂತೆಯಲ್ಲಿ ಕಣ್ಣಿಗೆ ಕಾಣುತ್ತಿದ್ದ ಅಳತೆ ಇಲ್ಲಿ ಬಾಗಿಲ ಹಿಂದೆ ಮರೆಯಾಯಿತು. "ಇಷ್ಟು ಕರೆ ನಾವು ಮಾಡಲೇ ಇಲ್ಲ" ಎಂಬ ದೂರು ಆಗಿನಿಂದ ಮನೆಮಾತಾಯಿತು. ಬಿಲ್ಲಿನ ತಕರಾರಿಗೆ ೧೯೫೭ರ ತಿದ್ದುಪಡಿಯಿಂದ ಸೇರಿದ '೭-ಬಿ' ಎಂಬ ಕಲಮಿನಲ್ಲಿ ಒಂದು ದಾರಿಯಿತ್ತು, ಅದು ಮಧ್ಯಸ್ಥಿಕೆ. ಮಧ್ಯಸ್ಥನನ್ನು ನೇಮಿಸುವುದು ಕೇಂದ್ರ ಸರ್ಕಾರ. ಅವನ ತೀರ್ಮಾನವೇ ಕೊನೆಯದು. ಈ ಸಣ್ಣ ಕಲಮನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದು ದೊಡ್ಡ ಅಡಚಣೆಯಾಗಿ ಎದ್ದು ನಿಂತಿತು.

೧೯೮೬ರ ಡಿಸೆಂಬರ್ ೨೪ರಂದು ಗ್ರಾಹಕ ಸಂರಕ್ಷಣಾ ಕಾಯಿದೆ ಬಂತು. ಹಣ ಕೊಟ್ಟು ಸರಕನ್ನಾಗಲಿ ಸೇವೆಯನ್ನಾಗಲಿ ಪಡೆದವನು ವಕೀಲನಿಲ್ಲದೆಯೂ ಜಿಲ್ಲಾ ವೇದಿಕೆಯ ಮುಂದೆ ನಿಂತು ಕೇಳಬಹುದು ಎಂಬುದು ಅದರ ಸಾರ. ಟೆಲಿಫೋನಿನ ದೂರುಗಳೂ ಅಲ್ಲಿಗೆ ಹೋಗತೊಡಗಿದವು. ಹತ್ತು ವರ್ಷ ತುಂಬುವ ಮೊದಲೇ, ೧೯೯೫ರ ಜುಲೈ ೩೧ರಂದು, ಕಲ್ಕತ್ತೆಯಿಂದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಮಂತ್ರಿ ಸುಖ್ ರಾಮ್ ಅವರೊಡನೆ ಮೊಬೈಲಿನಲ್ಲಿ ಮಾತನಾಡಿದರು. ಆ ದಿನಗಳಲ್ಲಿ ಒಂದು ನಿಮಿಷದ ಮಾತಿಗೆ ೧೬ ರೂಪಾಯಿ ೮೦ ಪೈಸೆಯವರೆಗೂ ದರವಿತ್ತು. ಅಷ್ಟೇ ಅಲ್ಲ, ಬಂದ ಕರೆಗೂ ಹಣ ತೆರಬೇಕಾಗಿತ್ತು. ಅದು ನಿಂತದ್ದು ೨೦೦೩ರ ಮೇ ತಿಂಗಳಲ್ಲಿ. ಒಂದು ನಿಮಿಷದ ಮೇಲೆ ಒಂದು ಸೆಕೆಂಡು ಮಾತನಾಡಿದರೂ ಎರಡು ನಿಮಿಷದ ಲೆಕ್ಕ ಹಿಡಿಯುವ ಪದ್ಧತಿಯಿತ್ತು. ಸೆಕೆಂಡಿಗೆ ಒಂದು ಪೈಸೆಯೆಂಬ ದರ ೨೦೦೯ರಲ್ಲಿ ಬಂದಮೇಲೆ ಆ ಲೆಕ್ಕ ಸಡಿಲವಾಯಿತು. ಅಷ್ಟರಲ್ಲಿ, ೧೯೯೭ರ ಕಾಯಿದೆಯಂತೆ, ಕಂಪೆನಿಗಳ ಮೇಲೆ ಕಣ್ಣಿಡಲು ಟ್ರಾಯ್ ಎಂದು ಜನ ಕರೆಯುವ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವೂ ಹುಟ್ಟಿತ್ತು.

ಗ್ರಾಹಕನ ದಾರಿ ಸುಗಮವಾಯಿತೆನ್ನುವಷ್ಟರಲ್ಲಿ ೨೦೦೯ರ ಸೆಪ್ಟೆಂಬರ್ ೧ರಂದು ಸುಪ್ರೀಂ ಕೋರ್ಟಿನ ಒಂದು ತೀರ್ಪು ಬಂತು. ಕೇರಳದ ಕೋಳಿಕ್ಕೋಡಿನಲ್ಲಿ ಬಿಲ್ಲು ಕಟ್ಟದ ಕಾರಣಕ್ಕೆ ಕಡಿದುಹೋದ ಒಂದು ಟೆಲಿಫೋನಿನ ಪ್ರಕರಣ ಅದು. '೭-ಬಿ' ಕಲಮಿನಲ್ಲಿ ಮಧ್ಯಸ್ಥಿಕೆಯ ದಾರಿ ಇರುವುದರಿಂದ ಟೆಲಿಫೋನ್ ಬಿಲ್ಲಿನ ವ್ಯಾಜ್ಯವನ್ನು ಗ್ರಾಹಕ ವೇದಿಕೆ ವಿಚಾರಿಸುವಂತಿಲ್ಲವೆಂದು ನ್ಯಾಯಾಲಯ ಹೇಳಿತು. ಸರ್ಕಾರಿ ಟೆಲಿಫೋನಿನ ಮೇಲೆ ಹೊರಟ ಈ ಮಾತನ್ನು ಖಾಸಗಿ ಮೊಬೈಲ್ ಕಂಪೆನಿಗಳೂ ತಮ್ಮ ರಕ್ಷಣೆಗೆ ಹಿಡಿದವು. ಐವತ್ತು ರೂಪಾಯಿಯ ತಕರಾರಿಗೆ ಕೇಂದ್ರ ಸರ್ಕಾರದಿಂದ ಮಧ್ಯಸ್ಥನನ್ನು ತರಿಸುವ ಶಕ್ತಿ ಯಾವ ತೆಂಗು ಬೆಳೆಗಾರನಿಗಿದೆ?

ಈ ಗಂಟನ್ನು ಬಿಡಿಸಿದ್ದು ಅಹಮದಾಬಾದಿನ ಒಬ್ಬ ಚಂದಾದಾರರು ಹೂಡಿದ ದೂರು. ಅವರದು ತಿಂಗಳಿಗೆ ೨೪೯ ರೂಪಾಯಿ ಬಾಡಿಗೆಯ ಸಂಪರ್ಕ. ಬಿಲ್ಲು ಸರಾಸರಿ ೫೫೫ ರೂಪಾಯಿಯಷ್ಟು ಬರುತ್ತಿತ್ತೆಂದು ಅವರ ಹೇಳಿಕೆ. ೨೦೧೩ರ ಕೊನೆಯಲ್ಲಿ ಒಂದು ಬಿಲ್ಲು ೨೪,೬೦೯ ರೂಪಾಯಿ ೫೧ ಪೈಸೆಗೆ ಬಂತೆಂದು ಆಪಾದಿಸಿ, ೨೦೧೪ರ ಮೇ ತಿಂಗಳಲ್ಲಿ ಜಿಲ್ಲಾ ವೇದಿಕೆಗೆ ಹೋದರು. ಅವರಿಗೆ ೨೦೦೯ರ ತೀರ್ಪು ಅಡ್ಡ ಬಂತು. ವ್ಯಾಜ್ಯ ಮೇಲೇರುತ್ತ ಸುಪ್ರೀಂ ಕೋರ್ಟನ್ನು ಮುಟ್ಟಿತು. ವೊಡಾಫೋನ್ ಐಡಿಯಾ ಕಂಪೆನಿಯ ಆ ಅಪೀಲಿನಲ್ಲಿ, ೨೦೨೨ರ ಫೆಬ್ರವರಿ ೧೬ರಂದು, ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಅವರಿದ್ದ ಮೂವರ ಪೀಠ ತೀರ್ಪಿತ್ತಿತು: ಟೆಲಿಗ್ರಾಫ್ ಕಾಯಿದೆಯ ಮಧ್ಯಸ್ಥಿಕೆ ಒಂದು ದಾರಿ, ಗ್ರಾಹಕ ವೇದಿಕೆ ಇನ್ನೊಂದು ದಾರಿ, ಒಂದು ಇದೆಯೆಂದು ಇನ್ನೊಂದು ಮುಚ್ಚುವುದಿಲ್ಲ. ಬಿಲ್ಲು ಸರಿಯೋ ತಪ್ಪೋ ಎಂಬುದನ್ನು ನ್ಯಾಯಾಲಯ ಅಲ್ಲಿ ನಿರ್ಣಯಿಸಲಿಲ್ಲ. ಕೇಳುವ ಬಾಗಿಲು ತೆರೆದಿದೆ ಎಂಬುದನ್ನು ಮಾತ್ರ ಹೇಳಿತು. ಒಬ್ಬ ಸಾಮಾನ್ಯ ಚಂದಾದಾರನು ಬಾಗಿಲಲ್ಲಿ ಕಾದು ನಿಂತದ್ದು ಸುಮಾರು ಎಂಟು ವರ್ಷ. ಅದರಿಂದ ದಾರಿ ತೆರೆದದ್ದು ದೇಶಕ್ಕೆಲ್ಲ. ೨೦೨೦ರ ಜುಲೈ ೨೦ರಿಂದ ಜಾರಿಗೆ ಬಂದ ೨೦೧೯ರ ಹೊಸ ಗ್ರಾಹಕ ಕಾಯಿದೆಯಂತೂ ದೂರಸಂಪರ್ಕವನ್ನು ಸೇವೆಯೆಂದು ಹೆಸರು ಹಿಡಿದೇ ಹೇಳಿದೆ.

'ತಿಂಗಳಿ'ನ ಅರ್ಥಕ್ಕೂ ಇದೇ ಕಾಲದಲ್ಲಿ ಒಂದು ತಿದ್ದುಪಡಿ ಬಂತು. ಹದಿಮೂರು ಸಲ ಹಣ ಕಟ್ಟುವ ಜನರ ದೂರನ್ನು ಕೇಳಿದ ಟ್ರಾಯ್, ೨೦೨೨ರ ಜನವರಿ ೨೭ರ ಆಜ್ಞೆಯಲ್ಲಿ, ೩೦ ದಿನದ ಅವಧಿಯ ಯೋಜನೆಯನ್ನೂ ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವ ಯೋಜನೆಯನ್ನೂ ಪ್ರತಿಯೊಂದು ಕಂಪೆನಿಯೂ ಇಟ್ಟಿರಲೇಬೇಕೆಂದು ವಿಧಿಸಿತು. ೨೮ ದಿನದ್ದನ್ನು ಅದು ನಿಷೇಧಿಸಲಿಲ್ಲ. ಆದ್ದರಿಂದ ಕೇಳಿ ಪಡೆಯುವವನಿಗೆ ತಿಂಗಳು ಸಿಗುತ್ತದೆ, ಕೇಳದವನಿಗೆ ಸಿಗದಿರಬಹುದು. ೨೦೨೪ರ ಡಿಸೆಂಬರ್ ೨೩ರಂದು ಇನ್ನೊಂದು ನಿಯಮ ಬಂತು. ಬರಿಯ ಮಾತು ಮತ್ತು ಸಂದೇಶಗಳಷ್ಟೇ ಸಾಕೆನ್ನುವವರಿಗೆ ಇಂಟರ್‌ನೆಟ್ಟನ್ನು ಕಟ್ಟದ ಯೋಜನೆಯನ್ನೂ ಕೊಡಬೇಕು. ಅಂಥ ವಿಶೇಷ ಯೋಜನೆಗಳ ಅವಧಿ ೯೦ ದಿನಕ್ಕೆ ಬದಲಾಗಿ ೩೬೫ ದಿನದವರೆಗೂ ಇರಬಹುದು. ಮಗನೊಡನೆ ಮಾತನಾಡುವುದಕ್ಕಾಗಿ ಮಾತ್ರ ಫೋನಿಟ್ಟುಕೊಂಡ ಹಳ್ಳಿಯ ತಾಯಂದಿರಿಗೆ ಇದು ಸಣ್ಣ ವಿಷಯವಲ್ಲ.

ಇನ್ನು ತಕರಾರು ಮಾಡುವ ಕ್ರಮ. ಟ್ರಾಯ್ ೨೦೧೨ರಲ್ಲಿ ಮಾಡಿದ ನಿಯಮಗಳಂತೆ ಮೊದಲ ಮೆಟ್ಟಿಲು ಕಂಪೆನಿಯ ದೂರು ಕೇಂದ್ರ. ಅಲ್ಲಿ ಹೇಳಿಕೊಂಡ ಪ್ರತಿಯೊಂದು ದೂರಿಗೂ ಒಂದು ಸಂಖ್ಯೆಯನ್ನು ಕೊಡಬೇಕು. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳದವನು ದೂರನ್ನೇ ಕೊಡದವನಿಗೆ ಸಮಾನ. ಉತ್ತರ ತೃಪ್ತಿಕರವಲ್ಲದಿದ್ದರೆ ೩೦ ದಿನದ ಒಳಗೆ ಕಂಪೆನಿಯ ಅಪೀಲು ಪ್ರಾಧಿಕಾರಕ್ಕೆ ಹೋಗಬಹುದು. ಅದಕ್ಕೆ ಹಣವಿಲ್ಲ, ೩೯ ದಿನದೊಳಗೆ ತೀರ್ಮಾನವಾಗಬೇಕು. ೧೯೧೫ ಎಂಬ ಸಂಖ್ಯೆಗೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಲಹೆಯನ್ನೂ ಕೇಳಬಹುದು. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಹಳೆಯ ಕಾಯಿದೆಯಲ್ಲಿ ಎದುರು ಪಕ್ಷದವರು ಇರುವ ಕಡೆಗೋ, ವ್ಯವಹಾರ ನಡೆದ ಕಡೆಗೋ ಹೋಗಬೇಕಾಗಿತ್ತು. ಹೊಸ ಕಾಯಿದೆಯಲ್ಲಿ ದೂರುಗಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ಹೂಡಬಹುದು. ಕಂಪೆನಿಯ ಕಚೇರಿ ಮುಂಬಯಿಯಲ್ಲಿದ್ದರೂ ದಂಡಿನಶಿವರದವರು ತುಮಕೂರಿಗೆ ಹೋದರೆ ಸಾಕು. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೂಡಬೇಕು.

ಒಂದು ಸೂಕ್ಷ್ಮವನ್ನು ಹೇಳದೆ ಬಿಡಬಾರದು. ಕರಾರೇ ಅನ್ಯಾಯದ್ದು ಎಂದು ವಾದಿಸುವುದಕ್ಕೂ ಹೊಸ ಕಾಯಿದೆಯಲ್ಲಿ ಅವಕಾಶವಿದೆ. ಒಂದು ಕಡೆಯವರು ಸಕಾರಣವಿಲ್ಲದೆ ತಾವೇ ಕರಾರನ್ನು ಮುರಿಯಬಹುದೆಂಬ ಷರತ್ತು, ಆದ ನಷ್ಟಕ್ಕೆ ಮಿಗಿಲಾದ ದಂಡ, ಅತಿಯಾದ ಠೇವಣಿ ಮೊದಲಾದವು ಅನ್ಯಾಯದ ಕರಾರಿನ ಲಕ್ಷಣಗಳು. ಆದರೆ ಈ ವಾದವನ್ನು ಕೇಳುವುದು ರಾಜ್ಯ ಆಯೋಗ ಮತ್ತು ರಾಷ್ಟ್ರೀಯ ಆಯೋಗ, ಜಿಲ್ಲಾ ಆಯೋಗವಲ್ಲ. ಜಿಲ್ಲೆಯಲ್ಲಿ ಕೇಳುವಾಗ ಸೇವೆಯ ಕೊರತೆ ಎಂದೋ, ಅನುಚಿತ ವ್ಯಾಪಾರ ಪದ್ಧತಿ ಎಂದೋ ದೂರನ್ನು ರೂಪಿಸಬೇಕು. ಜಾಹೀರಾತಿನ ಚಿತ್ರ, ಬಂದ ಸಂದೇಶ, ರಸೀತಿ, ದೂರಿನ ಸಂಖ್ಯೆ, ತಾರೀಖು ಇವೇ ಅಲ್ಲಿ ಸಾಕ್ಷಿಗಳು. ಬಾಯಿಮಾತಿಗೆ ಬೆಲೆ ಕಡಮೆ.

ನಮ್ಮ ಭಾವನವರ ಕಥೆ ಏನಾಯಿತೆಂದು ಓದುಗರು ಕೇಳಬಹುದು. ನಾವಿಬ್ಬರೂ ಕುಳಿತು ಕಂಪೆನಿಗೆ ದೂರು ಕೊಟ್ಟೆವು. ೨೮ ದಿನವೆಂದು ಸಂದೇಶದಲ್ಲಿ ಮೊದಲೇ ತಿಳಿಸಿದ್ದೇವೆ ಎಂಬ ಉತ್ತರ ಬಂತು. ಅದು ನಿಜವೇ ಆಗಿತ್ತು. ತಿಂಗಳಿಗೆ ಎಂಬುದು ಅಂಗಡಿಯವನ ಬಾಯಿಯ ಮಾತು. ಬರಹದಲ್ಲಿ ಎಲ್ಲಿಯೂ ಇರಲಿಲ್ಲ. ಆ ಎರಡು ದಿನ ಹೋದದ್ದು ಹೋದಂತೆಯೇ. ಆದರೆ ಲೆಕ್ಕವನ್ನು ತರಿಸಿ ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಕರೆ ಮಾಡಿದವರಿಗೆ ಹಾಡು ಕೇಳಿಸುವ ಯಾವುದೋ ಸೇವೆಗೆಂದು ಅವರ ಖಾತೆಯಿಂದ ಹಲವು ಬಾರಿ ಹಣ ಕಳೆದಿತ್ತು. ಇಂಥ ಸೇವೆಗೆ ಚಂದಾದಾರನ ಒಪ್ಪಿಗೆಯನ್ನು ಎರಡು ಬಾರಿ ಖಚಿತಪಡಿಸಿಕೊಳ್ಳಬೇಕೆಂದು ೨೦೧೩ರಿಂದಲೇ ಟ್ರಾಯ್‌ನ ನಿರ್ದೇಶನವಿದೆ. "ನಮ್ಮ ಒಪ್ಪಿಗೆಯ ದಾಖಲೆಯನ್ನು ತೋರಿಸಿ" ಎಂದು ಬರೆದೆವು. ಮೊದಲ ಉತ್ತರ ಹಾರಿಕೆಯದು. ಅಪೀಲು ಹಾಕಿದೆವು. ದಾಖಲೆ ಬರಲಿಲ್ಲ, ಹಣ ಹಿಂದಕ್ಕೆ ಬಂತು.

ಬಂದದ್ದು ನೂರು ರೂಪಾಯಿಯನ್ನೂ ಮುಟ್ಟದ ಮೊತ್ತ. ಅದಕ್ಕಾಗಿ ಇಷ್ಟು ಕಾಗದ ಏಕೆಂದು ಅಕ್ಕ ಮೂದಲಿಸಿದಳು. ಭಾವನವರು ಅದಕ್ಕೆ ಏನೂ ಹೇಳಲಿಲ್ಲ. ಈಚೆಗೆ ಅವರು ಹಣ ಕಟ್ಟಲು ಹೋದಾಗ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕುಳಿತು, "ಏನ್ ಬರ್ದೈತೆ, ಕನ್ನಡ್ದಾಗೆ ಓದಿ ಹೇಳಪ್ಪ" ಎನ್ನುತ್ತಾರೆ. ಹುಡುಗನು ಓದುತ್ತಾನೆ, ಎಷ್ಟು ದಿನ, ಎಷ್ಟು ಮಾತು, ಇನ್ನೇನು ಸೇರಿದೆ ಎಂದು ಹೇಳುತ್ತಾನೆ. ಸುತ್ತ ನಿಂತ ನಾಲ್ಕು ಮಂದಿಯೂ ಕೇಳಿಸಿಕೊಳ್ಳುತ್ತಾರೆ. ಕಳೆದ ಸಲ ಭಾವನವರು ೩೦ ದಿನದ್ದನ್ನೇ ಕೇಳಿ ಪಡೆದರಂತೆ. ಅವರ ಹಿಂದೆ ನಿಂತಿದ್ದವರೂ ಅದನ್ನೇ ಕೇಳಿದರಂತೆ.